ಅರ್ಧದಷ್ಟು ಸ್ಪಿನ್ ಕಾಣೆ: ನೊವೊಸಿಬಿರ್ಸ್ಕ್‌ನ ಒಂದು ತಾಮ್ರದ ಹರಳಿನ ಪ್ರಕರಣ

ತಾಮ್ರದ ಒಂದು ಕಾಂಪ್ಲೆಕ್ಸ್ (ಲೋಹದ ಸುತ್ತ ಬೇರೆ ಅಣುಗಳು ಕಟ್ಟಿಕೊಂಡ ಸಂಯುಕ್ತ) ಇದೆ. ಅದರ ಪ್ರತಿ ಘಟಕದಲ್ಲಿ ಒಂದು ತಾಮ್ರದ ಅಯಾನು, ಒಂದು ಸಾವಯವ ರಾಡಿಕಲ್. ಎರಡರಲ್ಲೂ ಒಂದೊಂದು ಒಂಟಿ ಎಲೆಕ್ಟ್ರಾನ್, ಅಂದರೆ ಒಂದೊಂದು ಸ್ಪಿನ್, ಒಂದೊಂದು ಪುಟ್ಟ ಅಯಸ್ಕಾಂತ ಇದ್ದಂತೆ. ಕೋಣೆಯ ಉಷ್ಣಾಂಶದಲ್ಲಿ ಅಳೆದರೆ ಕಾಂತತ್ವದ ಲೆಕ್ಕ ಸರಿಯಾಗಿಯೇ ಬರುತ್ತದೆ. ತಣ್ಣಗೆ ಮಾಡುತ್ತಾ ಹೋಗಿ. ಸುಮಾರು 250 ಕೆಲ್ವಿನ್‌ನಿಂದ ಕೆಳಗೆ ಲೆಕ್ಕ ನಿಧಾನಕ್ಕೆ ತಪ್ಪತೊಡಗುತ್ತದೆ, 100 ಕೆಲ್ವಿನ್ ಹೊತ್ತಿಗೆ ಅರ್ಧದಷ್ಟು ಸ್ಪಿನ್ ಮಾಯ. ಮತ್ತೆ ಬಿಸಿ ಮಾಡಿದರೆ ಅಷ್ಟೂ ವಾಪಸ್ ಬರುತ್ತದೆ. ಹರಳು ಒಡೆದಿಲ್ಲ, ಪುಡಿಯಾಗಿಲ್ಲ. ಹಾಗಾದರೆ ಆ ಸ್ಪಿನ್ ಹೋಗಿದ್ದೆಲ್ಲಿಗೆ?

ಈ ಹರಳು ತಯಾರಾಗಿದ್ದು ರಷ್ಯಾದ ನೊವೊಸಿಬಿರ್ಸ್ಕ್‌ನಲ್ಲಿ, ಅಕಾಡೆಮ್‌ಗೊರೊಡೊಕ್‌ನ ಇಂಟರ್‌ನ್ಯಾಷನಲ್ ಟೊಮೊಗ್ರಫಿ ಸೆಂಟರ್‌ನಲ್ಲಿ. ವಿಕ್ಟರ್ ಒವ್ಚರೆಂಕೊ ಅವರ ಗುಂಪು ಇಂಥ ಹರಳುಗಳ ಒಂದು ದೊಡ್ಡ ಕುಟುಂಬವನ್ನೇ ಬೆಳೆಸಿತು. ಅದೇ ಸಂಸ್ಥೆಯ ಮಾತ್ವೇಯ್ ಫೆದಿನ್, ಎಲೆನಾ ಬಗ್ರ್ಯಾನ್ಸ್ಕಾಯಾ ಮತ್ತು ಜೊತೆಗಾರರು ಇಪಿಆರ್ ಯಂತ್ರದಲ್ಲಿಟ್ಟು (ಕಾಂತಕ್ಷೇತ್ರದಲ್ಲಿ ಮೈಕ್ರೋವೇವ್ ಹಾಯಿಸಿ ಒಂಟಿ ಎಲೆಕ್ಟ್ರಾನ್‌ಗಳನ್ನು ಗುರುತಿಸುವ ಯಂತ್ರ) ಇವುಗಳ ಒಳಗುಟ್ಟು ಬಿಡಿಸಿದರು. ತಣ್ಣಗಾದಾಗ ಕುಗ್ಗಿ ಬಿಸಿಯಾದಾಗ ಹಿಗ್ಗುತ್ತವೆ ಅಂತ ಇವಕ್ಕೆ ಉಸಿರಾಡುವ ಹರಳುಗಳು ಎಂಬ ಹೆಸರೂ ಬಂತು. ನಾನಿಲ್ಲಿ ಎತ್ತಿಕೊಂಡಿರುವುದು ಆ ಕುಟುಂಬದ ಒಂದೇ ಸದಸ್ಯನನ್ನು: ಪ್ರೊಪೈಲ್ ಬಾಲ (ಮೂರು ಕಾರ್ಬನ್‌ಗಳ ಸಾಲು) ಇರುವ ರಾಡಿಕಲ್‌ನ ಕಾಂಪ್ಲೆಕ್ಸ್. ಮಿಕ್ಕವರು ಬೇಕಾದಲ್ಲಿ ಬಂದು ಹೋಗುತ್ತಾರೆ.

ಮೊದಲು ಸಾಮಗ್ರಿ ನೋಡೋಣ. ಸ್ಥಿರವಾದ ಸಾವಯವ ರಾಡಿಕಲ್ ಅಂದರೆ ಹಲವರಿಗೆ ನಂಬಿಕೆ ಬರುವುದಿಲ್ಲ. ಕಾಲೇಜಿನಲ್ಲಿ ಓದಿದ ರಾಡಿಕಲ್‌ಗಳೆಲ್ಲ ಹುಟ್ಟಿದ ಕ್ಷಣಕ್ಕೇ ಇನ್ನೊಂದಕ್ಕೆ ಅಂಟಿಕೊಂಡು ಸಾಯುವಂಥವು ಅಲ್ವಾ. ಆದರೆ ನೈಟ್ರೊನಿಲ್ ನೈಟ್ರಾಕ್ಸೈಡ್ ಎಂಬ ಗುಂಪು ಹಾಗಲ್ಲ. 1960ರ ದಶಕದ ಕೊನೆಯಲ್ಲಿ ಎಡ್ವಿನ್ ಉಲ್‌ಮನ್ ಮತ್ತು ಜೊತೆಗಾರರು ಇವನ್ನು ಮಾಡಿ ತೋರಿಸಿದರು. ಐದು ಮೂಲೆಯ ಉಂಗುರ, ಅದರಲ್ಲಿ ಎರಡು ನೈಟ್ರೋಜನ್, ಒಂದೊಂದರ ಮೇಲೂ ಒಂದು ಆಕ್ಸಿಜನ್. ಒಂಟಿ ಎಲೆಕ್ಟ್ರಾನ್ ಈ ಎರಡು ನೈಟ್ರೋಜನ್-ಆಕ್ಸಿಜನ್ ಜೋಡಿಗಳ ಮೇಲೆ ಸಮವಾಗಿ ಹರಡಿಕೊಂಡಿರುತ್ತದೆ. ಉಂಗುರದ ಹಿಂಭಾಗದಲ್ಲಿ ನಾಲ್ಕು ಮೀಥೈಲ್‌ಗಳು ಕಾವಲು ನಿಂತಿರುತ್ತವೆ. ಅದಕ್ಕೇ ಇದನ್ನು ಸೀಸೆಯಲ್ಲಿ ತುಂಬಿ ಕಪಾಟಿನಲ್ಲಿ ಇಡಬಹುದು. ಬಣ್ಣ ಗಾಢ ನೀಲಿ ಅಥವಾ ನೇರಳೆ. ನಮ್ಮ ಪ್ರಕರಣದಲ್ಲಿ ಈ ಉಂಗುರಕ್ಕೆ ಒಂದು ಪೈರಜೋಲ್ (ಎರಡು ನೈಟ್ರೋಜನ್ ಇರುವ ಇನ್ನೊಂದು ಉಂಗುರ) ಸೇರಿಸಿದ್ದಾರೆ, ಪೈರಜೋಲ್‌ನ ಒಂದು ನೈಟ್ರೋಜನ್ ಮೇಲೆ ಪ್ರೊಪೈಲ್ ಬಾಲ.

ಇನ್ನು ತಾಮ್ರದ ಕಡೆ. ನೈಟ್ರಾಕ್ಸೈಡ್‌ನ ಆಕ್ಸಿಜನ್‌ಗೆ ಲೋಹವನ್ನು ಹಿಡಿಯುವ ತಾಕತ್ತು ಬಹಳ ಕಡಿಮೆ. ಸಾಮಾನ್ಯ ತಾಮ್ರದ ಲವಣ ತಂದು ಹಾಕಿದರೆ ನೀರೋ ಆಲ್ಕೊಹಾಲೋ ಮೊದಲು ಹೋಗಿ ಆ ಜಾಗದಲ್ಲಿ ಕೂರುತ್ತದೆ. ಅದಕ್ಕೇ ತಾಮ್ರಕ್ಕೆ ಎರಡು ಹೆಕ್ಸಾಫ್ಲೋರೊಅಸಿಟೈಲ್‌ಅಸಿಟೊನೇಟ್ ಕಟ್ಟುತ್ತಾರೆ. ಪ್ರಯೋಗಾಲಯದಲ್ಲಿ ಎಲ್ಲರೂ ಎಚ್‌ಫ್ಯಾಕ್ ಅಂತಲೇ ಕರೆಯುವುದು, ನಾನೂ ಹಾಗೇ ಬರೆಯುತ್ತೇನೆ. ಒಂದೊಂದು ಎಚ್‌ಫ್ಯಾಕ್ ಮೇಲೂ ಆರು ಫ್ಲೋರಿನ್ ಇವೆ, ಅವು ಎಲೆಕ್ಟ್ರಾನ್‌ಗಳನ್ನು ತಮ್ಮ ಕಡೆ ಎಳೆದುಕೊಂಡು ತಾಮ್ರವನ್ನು ಹಸಿದ ಸ್ಥಿತಿಯಲ್ಲಿ ಇಡುತ್ತವೆ. ಹಾಗೆ ಹಸಿದ ತಾಮ್ರ ನೈಟ್ರಾಕ್ಸೈಡ್‌ನಂಥ ಬಡ ದಾನಿಯನ್ನೂ ಬಿಡುವುದಿಲ್ಲ. ಹೆಪ್ಟೇನ್‌ನಂಥ ನಿರುಪದ್ರವಿ ದ್ರಾವಕದಲ್ಲಿ ಎರಡನ್ನೂ ಬೆರೆಸಿ ತಂಪಿನಲ್ಲಿ ಇಟ್ಟರೆ ಹರಳು ಬರುತ್ತದೆ.

ಹರಳಿನೊಳಗೆ ಇವು ಸರಪಳಿಯಾಗಿ ಜೋಡಿಸಿಕೊಂಡಿವೆ. ರಾಡಿಕಲ್‌ನ ಒಂದು ತುದಿಯಲ್ಲಿ ಪೈರಜೋಲ್‌ನ ನೈಟ್ರೋಜನ್, ಇನ್ನೊಂದು ತುದಿಯಲ್ಲಿ ನೈಟ್ರಾಕ್ಸೈಡ್‌ನ ಆಕ್ಸಿಜನ್. ಸರಪಳಿಯಲ್ಲಿ ಇವು ಎದುರುಬದುರಾಗಿ ನಿಲ್ಲುತ್ತವೆ. ಅಂದರೆ ಒಂದು ತಾಮ್ರಕ್ಕೆ ಎರಡು ಕಡೆಯಿಂದ ಎರಡು ಪೈರಜೋಲ್, ಅದರ ಮುಂದಿನ ತಾಮ್ರಕ್ಕೆ ಎರಡು ಕಡೆಯಿಂದ ಎರಡು ನೈಟ್ರಾಕ್ಸೈಡ್. ಮತ್ತೆ ಪೈರಜೋಲ್, ಮತ್ತೆ ನೈಟ್ರಾಕ್ಸೈಡ್. ಹೀಗಾಗಿ ಎರಡು ಥರದ ತಾಣಗಳು: ತಾಮ್ರ ಒಂದೇ ಇರುವ ಒಂಟಿ ತಾಣ, ಮತ್ತು ರಾಡಿಕಲ್-ತಾಮ್ರ-ರಾಡಿಕಲ್ ಎಂಬ ಮೂವರ ತಾಣ. ಈ ಮೂವರನ್ನು ಮುಂದೆ ತ್ರಿಕ ಅಂತ ಕರೆಯುತ್ತೇನೆ. ಇಡೀ ನಾಟಕ ನಡೆಯುವುದು ತ್ರಿಕದಲ್ಲಿ. ಒಂಟಿ ತಾಮ್ರ ಸುಮ್ನೆ ನಿಂತು ನೋಡುತ್ತಿರುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಎರಡು ಘಟಕ ಸೇರಿಸಿದರೆ ನಾಲ್ಕು ಸ್ಪಿನ್. ಕಾಂತೀಯ ಸಸೆಪ್ಟಿಬಿಲಿಟಿಯನ್ನು (ಕಾಂತಕ್ಷೇತ್ರಕ್ಕೆ ವಸ್ತು ಎಷ್ಟು ಸ್ಪಂದಿಸುತ್ತದೆ ಎನ್ನುವ ಅಳತೆ) ಉಷ್ಣಾಂಶದಿಂದ ಗುಣಿಸಿದರೆ, ಒಂದಕ್ಕೊಂದು ಸಂಬಂಧವಿಲ್ಲದ ಒಂದೊಂದು ಸ್ಪಿನ್‌ಗೂ, ಜಿ ಮೌಲ್ಯ (ಒಂದೊಂದು ಸ್ಪಿನ್‌ನ ಕಾಂತೀಯ ಬಲ ಹೇಳುವ ಸಂಖ್ಯೆ) 2 ಅಂತ ಹಿಡಿದರೆ, 0.375 ಬರಬೇಕು. ಇಲ್ಲಿ ಪ್ರತಿ ಘಟಕಕ್ಕೆ ಎರಡು ಸ್ಪಿನ್, ಆದ್ದರಿಂದ 0.75. ತಾಮ್ರದ ಜಿ 2ಕ್ಕಿಂತ ಸ್ವಲ್ಪ ಜಾಸ್ತಿ, 2.15 ಅಂತ ಇಟ್ಟುಕೊಂಡರೆ ಮೊತ್ತ 0.81ರ ಹತ್ತಿರ ಹೋಗುತ್ತದೆ. ಕಾಂತತ್ವದ ಇನ್ನೊಂದು ಮಾನವಾದ ಬೋರ್ ಮ್ಯಾಗ್ನೆಟಾನ್‌ನಲ್ಲಿ ಹೇಳುವುದಾದರೆ ಸುಮಾರು 2.5. ಕೋಣೆಯ ಉಷ್ಣಾಂಶದಲ್ಲಿ ಇಂಥದ್ದೇ ಮೌಲ್ಯ ಸಿಗುತ್ತದೆ. ತಣ್ಣಗಾದಾಗ ಅದು 1.8ರ ಸುತ್ತಮುತ್ತ ಇಳಿದು ಅಲ್ಲೇ ಮಟ್ಟವಾಗಿ ನಿಲ್ಲುತ್ತದೆ. ಸ್ಪಿನ್‌ಗಳ ಎಣಿಕೆ ಈ ಸಂಖ್ಯೆಯ ವರ್ಗದ ಜೊತೆ ಹೋಗುತ್ತದೆ, 1.8ರ ವರ್ಗ 2.5ರ ವರ್ಗದ ಸುಮಾರು ಅರ್ಧ. ಅಂದರೆ ನಾಲ್ಕರಲ್ಲಿ ಎರಡು ಸ್ಪಿನ್ ಉಳಿದಿವೆ, ಎರಡು ಕಾಣೆ.

ಅನುಮಾನಿತರ ಪಟ್ಟಿಯಲ್ಲಿ ಮೊದಲ ಹೆಸರು ಯಾವಾಗಲೂ ಕೆಟ್ಟ ಸ್ಯಾಂಪಲ್. ರಾಡಿಕಲ್ ಕೊಳೆತಿರಬಹುದು, ಇಲ್ಲ ಕಲಬೆರಕೆ ಇರಬಹುದು. ಆದರೆ ಕೊಳೆತ ರಾಡಿಕಲ್ ಬಿಸಿ ಮಾಡಿದಾಗ ಮತ್ತೆ ಜೀವ ತಳೆಯುವುದಿಲ್ಲ. ಇಲ್ಲಿ ಹೋಗುವ ದಾರಿಯಲ್ಲೇ ವಾಪಸ್ ಬರುತ್ತದೆ, ಎಷ್ಟು ಸಲ ಮಾಡಿದರೂ ಅದೇ. ಆ ಅನುಮಾನ ಅಲ್ಲಿಗೆ ಮುಗಿಯಿತು.

ನಿಜವಾದ ತಲೆನೋವು ಇದರ ಮುಂದಿದೆ. ಎರಡು ಸ್ಪಿನ್ ಕಾಣೆಯಾಗಲು ಕನಿಷ್ಠ ಮೂರು ದಾರಿಗಳಿವೆ, ಮೂರೂ ಒಟ್ಟು ಕಾಂತತ್ವ ಅಳೆಯುವ ಸ್ಕ್ವಿಡ್ ಯಂತ್ರದ ಗ್ರಾಫ್‌ನಲ್ಲಿ ಹೆಚ್ಚು ಕಡಿಮೆ ಒಂದೇ ಥರ ಕಾಣುತ್ತವೆ. ಒಂದು, ಅಕ್ಕಪಕ್ಕದ ಸರಪಳಿಗಳ ಎರಡು ರಾಡಿಕಲ್‌ಗಳು ಪರಸ್ಪರ ಜೋಡಿಯಾಗಿ ತಾಮ್ರಗಳೆರಡೂ ಉಳಿದಿರಬಹುದು. ಎರಡು, ತ್ರಿಕದ ತಾಮ್ರ ಒಂದೇ ಒಂದು ರಾಡಿಕಲ್ ಜೊತೆ ಜೋಡಿಯಾಗಿ ಇನ್ನೊಂದು ರಾಡಿಕಲ್ ಒಂಟಿಯಾಗಿ ಉಳಿದಿರಬಹುದು. ಮೂರು, ತಾಮ್ರ ಎರಡೂ ರಾಡಿಕಲ್‌ಗಳ ಜೊತೆ ಸಮವಾಗಿ ವಿರುದ್ಧ ದಿಕ್ಕಿಗೆ ಕಟ್ಟಿಕೊಂಡು, ಮೂವರೂ ಸೇರಿ ಒಂದೇ ಸ್ಪಿನ್‌ನಂತೆ ವರ್ತಿಸುತ್ತಿರಬಹುದು. ಮೂರರಲ್ಲೂ ನಾಲ್ಕು ಕಳೆ ಎರಡು, ಉಳಿದದ್ದು ಎರಡೇ. ಜಿ ಮೌಲ್ಯದ ವ್ಯತ್ಯಾಸದಿಂದ ಮೊದಲನೆಯದಕ್ಕೆ 1.86, ಮೂರನೆಯದಕ್ಕೆ 1.78 ಬೋರ್ ಮ್ಯಾಗ್ನೆಟಾನ್ ಅಂತ ಲೆಕ್ಕ ಹಾಕಬಹುದು, ಆದರೆ ಸ್ಯಾಂಪಲ್ ತೂಕದಲ್ಲಿ ಸ್ವಲ್ಪ ಹೆಚ್ಚುಕಮ್ಮಿಯಾದರೆ, ಡಯಾಮ್ಯಾಗ್ನೆಟಿಕ್ ತಿದ್ದುಪಡಿ (ಜೋಡಿಯಾದ ಎಲೆಕ್ಟ್ರಾನ್‌ಗಳ ಸಣ್ಣ ಪಾಲನ್ನು ಸರಿಹೊಂದಿಸುವುದು) ಕೊಂಚ ಅತ್ತಿತ್ತ ಆದರೆ ಆ ವ್ಯತ್ಯಾಸ ಅದರಲ್ಲೇ ಮುಳುಗಿಹೋಗುತ್ತದೆ. ಅಂಥ ಗ್ರಾಫ್ ಒಂದನ್ನೇ ಹಿಡಿದುಕೊಂಡು ಫಿಟ್ (ಮಾದರಿಯ ಗೆರೆಯನ್ನು ಅಳತೆಗೆ ಹೊಂದಿಸುವುದು) ಚೆನ್ನಾಗಿ ಕೂತಿತು ಅಂತ ಯಾರಾದರೂ ಹೇಳಿದರೆ ನಾನು ತಕ್ಷಣ ಒಪ್ಪುವುದಿಲ್ಲ. ನಾಲ್ಕು ಹೊಂದಿಕೆ ಸಂಖ್ಯೆ ಕೊಟ್ಟರೆ ಯಾವ ಗೆರೆಯ ಮೇಲೂ ಯಾವ ಮಾದರಿಯನ್ನೂ ಕೂರಿಸಬಹುದು.

ಇದನ್ನು ಬಿಡಿಸಿದ್ದು ಇಪಿಆರ್. ಹೇಗೆ ಅಂತ ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಪ್ರಕರಣದ ಜೀವಾಳ ಇದೇ.

ಇಪಿಆರ್‌ನಲ್ಲಿ ಸಂಕೇತ ಯಾವ ಕಾಂತಕ್ಷೇತ್ರದಲ್ಲಿ ಬರುತ್ತದೆ ಎನ್ನುವುದರಿಂದ ಜಿ ಮೌಲ್ಯ ಸಿಗುತ್ತದೆ. ಮೊದಲ ದಾರಿ ನಿಜವಾಗಿದ್ದರೆ ಉಳಿದವರೆಲ್ಲ ತಾಮ್ರಗಳೇ, ಅವುಗಳ ಜಿ 2ಕ್ಕಿಂತ ಮೇಲೆ ಇರಬೇಕು. ಎರಡನೆಯದಾದರೆ ಒಂಟಿ ರಾಡಿಕಲ್‌ನ ಗುರುತು 2.007ರ ಹತ್ತಿರ ಕಾಣಬೇಕು. ಮೂರನೆಯದಾದರೆ? ಮೂವರು ಸೇರಿ ಮಾಡಿದ ಅತಿ ಕೆಳಗಿನ ಸ್ಥಿತಿಯಲ್ಲಿ ಎರಡೂ ರಾಡಿಕಲ್‌ಗಳು ಒಂದೇ ಕಡೆ ಮುಖ ಮಾಡಿರುತ್ತವೆ, ತಾಮ್ರ ಅವುಗಳಿಗೆ ಎದುರಾಗಿ. ಲೆಕ್ಕ ಮಾಡಿದರೆ ಒಂದೊಂದು ರಾಡಿಕಲ್‌ನ ಪಾಲು ಮೂರನೇ ಎರಡು, ತಾಮ್ರದ ಪಾಲು ಮೈನಸ್ ಮೂರನೇ ಒಂದು. ಅಂದರೆ ತ್ರಿಕದ ಜಿ ಎಂದರೆ ರಾಡಿಕಲ್‌ನ ಜಿಯ ನಾಲ್ಕರಷ್ಟರಲ್ಲಿ ತಾಮ್ರದ ಜಿ ಕಳೆದು ಮೂರರಿಂದ ಭಾಗಿಸಿದ್ದು. ತಾಮ್ರದ ಅಕ್ಷದ ದಿಕ್ಕಿನಲ್ಲಿ ಜಿ 2.3 ಅಂತ ಹಾಕಿ ನೋಡಿ: 8.028ರಲ್ಲಿ 2.3 ಕಳೆದರೆ 5.728, ಮೂರರಿಂದ ಭಾಗಿಸಿದರೆ 1.909. ತಾಮ್ರದ ಜಿ ಜಾಸ್ತಿ ಆದಷ್ಟೂ ತ್ರಿಕದ ಜಿ ಕಡಿಮೆ ಆಗುತ್ತದೆ. ಎರಡಕ್ಕಿಂತ ಕಡಿಮೆ ಜಿ ಕೊಡುವ ವಸ್ತು ಈ ಹರಳಿನಲ್ಲಿ ಬೇರೆ ಯಾವುದೂ ಇಲ್ಲ. ತಾಮ್ರ ಒಂದೇ ಇದ್ದರೂ ಕೊಡುವುದಿಲ್ಲ, ರಾಡಿಕಲ್ ಒಂದೇ ಇದ್ದರೂ ಕೊಡುವುದಿಲ್ಲ. ಹಾಗಾಗಿ 2ಕ್ಕಿಂತ ಕೆಳಗೆ ಸಂಕೇತ ಕಂಡರೆ ಅದು ತ್ರಿಕದ ಹೆಬ್ಬೆಟ್ಟಿನ ಗುರುತೇ.

ಕಂಡದ್ದೂ ಅದೇ. ತಣ್ಣಗಿನ ಹರಳಿನಲ್ಲಿ ಒಂಟಿ ತಾಮ್ರದ ಸಂಕೇತ ಒಂದು ಕಡೆ, 2ಕ್ಕಿಂತ ಕೆಳಗಿನ ತ್ರಿಕದ ಸಂಕೇತ ಇನ್ನೊಂದು ಕಡೆ. ಇಲ್ಲಿ ಯಂತ್ರದ ಆಯ್ಕೆಯೂ ಮುಖ್ಯ. ಎಲ್ಲ ಕಡೆ ಸಿಗುವ 9.5 ಗಿಗಾಹರ್ಟ್ಸ್ ಯಂತ್ರದಲ್ಲಿ ಜಿ 2ಕ್ಕೂ 1.909ಕ್ಕೂ ನಡುವೆ ಬರೀ 16 ಮಿಲಿಟೆಸ್ಲಾ ಅಂತರ. ಅಗಲವಾದ ಗೆರೆಗಳಿದ್ದರೆ ಒಂದರ ಮೇಲೊಂದು ಬಿದ್ದು ಗೊಂದಲ. 94 ಗಿಗಾಹರ್ಟ್ಸ್‌ಗೆ ಹೋದರೆ ಅದೇ ಅಂತರ 160 ಮಿಲಿಟೆಸ್ಲಾ ಆಗುತ್ತದೆ, ಯಾರು ಯಾರು ಅಂತ ಬಿಡಿಬಿಡಿಯಾಗಿ ಕಾಣುತ್ತದೆ.

ಇನ್ನೂ ಒಂದು ಲಾಭ ಇದೆ. ಬಿಸಿ ಮಾಡುತ್ತಾ ಹೋದಂತೆ ತ್ರಿಕದ ಗೆರೆ ಮಾಯವಾಗಿ ಬೇರೆ ಗೆರೆ ಹುಟ್ಟುವುದಿಲ್ಲ, ಅದೇ ಗೆರೆ ನಿಧಾನಕ್ಕೆ ಜಾರುತ್ತಾ 2ರ ಮೇಲಕ್ಕೆ ಬರುತ್ತದೆ. ತ್ರಿಕಕ್ಕೆ ಮೂರು ಸ್ಥಿತಿಗಳಿವೆ: ಎರಡು ಡಬ್ಲೆಟ್ (ಒಟ್ಟು ಒಂದೇ ಸ್ಪಿನ್ ಉಳಿದಂತೆ), ಒಂದು ಕ್ವಾರ್ಟೆಟ್ (ಮೂರೂ ಸ್ಪಿನ್ ಒಂದೇ ಕಡೆ). ಅವುಗಳ ನಡುವೆ ಅದಲುಬದಲು ಎಷ್ಟು ಬೇಗ ನಡೆಯುತ್ತದೆ ಅಂದರೆ ಇಪಿಆರ್‌ಗೆ ಸರಾಸರಿ ಒಂದೇ ಗೆರೆಯಾಗಿ ಕಾಣುತ್ತದೆ. ಗೆರೆ ಎಲ್ಲಿದೆ ಅಂತ ನೋಡಿದರೆ ಯಾವ ಸ್ಥಿತಿಯಲ್ಲಿ ಎಷ್ಟು ಪಾಲು ಇದೆ ಅಂತ ಗೊತ್ತಾಗುತ್ತದೆ, ಅದರಿಂದ ತಾಮ್ರ-ರಾಡಿಕಲ್ ನಡುವಿನ ವಿನಿಮಯ ಬಲ (ಎರಡು ಸ್ಪಿನ್‌ಗಳನ್ನು ಪರಸ್ಪರ ಕಟ್ಟುವ ನಂಟು) ಒಂದೊಂದು ಉಷ್ಣಾಂಶದಲ್ಲೂ ಎಷ್ಟು ಅಂತ ಲೆಕ್ಕ ಸಿಗುತ್ತದೆ. ಸಾಮಾನ್ಯವಾಗಿ ನಾವು ಈ ಬಲವನ್ನು ಒಂದು ಸ್ಥಿರ ಸಂಖ್ಯೆ ಅಂತ ಇಟ್ಟುಕೊಂಡೇ ಫಿಟ್ ಮಾಡುವುದು. ಇಲ್ಲಿ ಅದೇ ಉಷ್ಣಾಂಶದ ಜೊತೆ ಬದಲಾಗುತ್ತಿದೆ. ತಣ್ಣಗಿದ್ದಾಗ ನೂರು ವೇವ್‌ನಂಬರ್‌ಗೂ (ಶಕ್ತಿಯ ಒಂದು ಮಾನ) ಮೀರಿದ ಆಂಟಿಫೆರೋ ಬಲ, ಅಂದರೆ ಸ್ಪಿನ್‌ಗಳನ್ನು ವಿರುದ್ಧ ದಿಕ್ಕಿಗೆ ತಿರುಗಿಸುವ ಬಲ, ಬಿಸಿಯಾದಾಗ ತೀರಾ ಸಣ್ಣದು. 100 ವೇವ್‌ನಂಬರ್ ಅಂದರೆ ಸುಮಾರು 144 ಕೆಲ್ವಿನ್‌ಗೆ ಸಮ. ಹಾಗಾಗಿ ಇದು ಚಿಕ್ಕ ಬದಲಾವಣೆ ಏನಲ್ಲ.

ಬಲ ಯಾಕೆ ಬದಲಾಗುತ್ತದೆ? ಉತ್ತರ ತಾಮ್ರದ ಹಳೇ ಚಾಳಿಯಲ್ಲಿದೆ. ಎರಡು ಧನ ಚಾರ್ಜ್‌ನ ತಾಮ್ರದಲ್ಲಿ ಒಂಬತ್ತು ಡಿ ಎಲೆಕ್ಟ್ರಾನ್. ಸುತ್ತ ಆರು ಪರಮಾಣುಗಳನ್ನು ಇಟ್ಟರೆ ಆರನ್ನೂ ಸಮ ದೂರದಲ್ಲಿ ಇಟ್ಟುಕೊಳ್ಳುವುದು ಅದಕ್ಕೆ ಆಗುವುದಿಲ್ಲ. ನಾಲ್ಕು ಹತ್ತಿರ, ಎರಡು ದೂರ. ಇದಕ್ಕೇ ಜಾನ್-ಟೆಲ್ಲರ್ ಪರಿಣಾಮ ಅನ್ನುವುದು. ಒಂಟಿ ಎಲೆಕ್ಟ್ರಾನ್ ಕೂರುವುದು ಹತ್ತಿರದ ನಾಲ್ವರ ಕಡೆ ಚಾಚಿಕೊಂಡ ಆರ್ಬಿಟಲ್‌ನಲ್ಲಿ (ಎಲೆಕ್ಟ್ರಾನ್ ಹರಡಿಕೊಂಡಿರುವ ಪ್ರದೇಶ). ದೂರದ ಇಬ್ಬರ ದಿಕ್ಕಿನಲ್ಲಿ ಅದು ಇಲ್ಲ ಅಂತಲೇ ಹೇಳಬಹುದು.

ಈಗ ನೈಟ್ರಾಕ್ಸೈಡ್ ಎಲ್ಲಿ ಕೂತಿದೆ ಅಂತ ನೋಡಿ. ಬಿಸಿ ಹರಳಿನಲ್ಲಿ ಅದು ದೂರದ ಜಾಗದಲ್ಲಿದೆ, ತಾಮ್ರದಿಂದ ಸುಮಾರು 2.4 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಅಂದರೆ ಮಿಲಿಮೀಟರ್‌ನ ಕೋಟಿಯಲ್ಲೊಂದು ಭಾಗ). ರಾಡಿಕಲ್‌ನ ಎಲೆಕ್ಟ್ರಾನ್ ಮತ್ತು ತಾಮ್ರದ ಎಲೆಕ್ಟ್ರಾನ್ ಇರುವ ಆರ್ಬಿಟಲ್‌ಗಳು ಒಂದರ ಮೇಲೊಂದು ಬೀಳುವುದಿಲ್ಲ. ಹಾಗಿದ್ದಾಗ ಇರುವ ಬಲ ದುರ್ಬಲ, ಅದೂ ಸ್ಪಿನ್‌ಗಳನ್ನು ಒಂದೇ ದಿಕ್ಕಿಗೆ ತರುವ ಫೆರೋ ಬಗೆಯದು. ತಣ್ಣಗಾದಾಗ ನೈಟ್ರಾಕ್ಸೈಡ್ ಹತ್ತಿರದ ಜಾಗಕ್ಕೆ ಬರುತ್ತದೆ, ಸುಮಾರು 2.0 ಆಂಗ್‌ಸ್ಟ್ರಾಮ್‌ಗೆ. ಅದಕ್ಕೆ ಜಾಗ ಮಾಡಿಕೊಡಲು ಎಚ್‌ಫ್ಯಾಕ್‌ನ ಎರಡು ಆಕ್ಸಿಜನ್‌ಗಳು ದೂರ ಸರಿಯುತ್ತವೆ. ಈಗ ಆರ್ಬಿಟಲ್‌ಗಳು ನೇರ ಮುಖಾಮುಖಿ, ಸ್ಪಿನ್‌ಗಳು ವಿರುದ್ಧವಾಗಿ ಬಿಗಿಯುತ್ತವೆ. ಒಟ್ಟಿನಲ್ಲಿ ಯಾವ ಬಂಧವೂ ಮುರಿದಿಲ್ಲ, ಹೊಸ ಬಂಧವೂ ಹುಟ್ಟಿಲ್ಲ, ಯಾವ ಎಲೆಕ್ಟ್ರಾನ್ ಕೂಡ ಲೋಹದಿಂದ ರಾಡಿಕಲ್‌ಗೆ ಹೋಗಿಲ್ಲ. ತಾಮ್ರದ ಉದ್ದದ ಅಕ್ಷ ತಿರುಗಿತು, ಅಷ್ಟೇ.

ಈ ಎರಡು ತುದಿಗಳು ಮೊದಲೇ ಬೇರೆ ಬೇರೆಯಾಗಿ ಗೊತ್ತಿದ್ದವು. ಟೆಂಪೊ ಎಂಬ ಸರಳ ನೈಟ್ರಾಕ್ಸೈಡ್ ಇದೇ ತಾಮ್ರದ ಎಚ್‌ಫ್ಯಾಕ್ ಜೊತೆ ಸೇರಿದಾಗ ಹತ್ತಿರದ ಜಾಗಕ್ಕೆ ಬರುತ್ತದೆ, ಕಾಂಪ್ಲೆಕ್ಸ್ ಕೋಣೆಯ ಉಷ್ಣಾಂಶದಲ್ಲೇ ಡಯಾಮ್ಯಾಗ್ನೆಟಿಕ್, ಅಂದರೆ ಅದರಲ್ಲಿ ಸ್ಪಿನ್ ಕಾಣುವುದೇ ಇಲ್ಲ. ಅದರ ಬೆನ್ನಿಗೆ ಒಂದು ಹೈಡ್ರಾಕ್ಸಿಲ್ ಸೇರಿಸಿದ ಟೆಂಪೋಲ್ ದೂರದ ಜಾಗದಲ್ಲಿ ಕೂತು ಫೆರೋ ಬಲ ತೋರುತ್ತದೆ ಅಂತ 1980ರಲ್ಲೇ ವರದಿಯಾಗಿತ್ತು. ಇಟಲಿಯ ಫ್ಲಾರೆನ್ಸ್‌ನಲ್ಲಿ ದಾಂತೆ ಗ್ಯಾಟೆಸ್ಕಿ ಗುಂಪು ಇಂಥ ಲೋಹ-ರಾಡಿಕಲ್ ಜೋಡಿಗಳ ಮೇಲೆ ಬಹಳ ಕೆಲಸ ಮಾಡಿತು. ಆದರೆ ಒಂದೇ ಹರಳು ಒಂದು ತುದಿಯಿಂದ ಇನ್ನೊಂದಕ್ಕೆ ತಾನಾಗಿ ಹೋಗುತ್ತದೆ ಅಂತ 1995ರಲ್ಲಿ ತೋರಿಸಿದ್ದು ಫ್ರಾನ್ಸ್‌ನ ಗ್ರೆನೋಬ್ಲ್‌ನಲ್ಲಿ ಪಾಲ್ ರೇ ಮತ್ತು ಜೊತೆಗಾರರು, ಪಿರಿಡೈಲ್ ಇರುವ ನೈಟ್ರೊನಿಲ್ ನೈಟ್ರಾಕ್ಸೈಡ್‌ನ ಒಂದು ತಾಮ್ರದ ಗುಚ್ಛದಲ್ಲಿ. ನೊವೊಸಿಬಿರ್ಸ್ಕ್‌ನವರ ದೊಡ್ಡತನ ಇರುವುದು ಇದನ್ನು ಒಂದು ವಿಚಿತ್ರ ಉದಾಹರಣೆಯಾಗಿ ಬಿಡದೆ, ಬಾಲ ಬದಲಿಸಿ, ದ್ರಾವಕ ಬದಲಿಸಿ, ಬೇಕಾದಂತೆ ತಿದ್ದಬಹುದಾದ ಕುಟುಂಬವಾಗಿ ಬೆಳೆಸಿದ್ದರಲ್ಲಿ.

ಎಕ್ಸ್-ರೇ ಬಗ್ಗೆ ಒಂದು ಎಚ್ಚರಿಕೆ. ಪ್ರೊಪೈಲ್ ಹರಳಿನಲ್ಲಿ ಬದಲಾವಣೆ ನೂರಕ್ಕೂ ಹೆಚ್ಚು ಕೆಲ್ವಿನ್ ಉದ್ದಕ್ಕೆ ಹರಡಿಕೊಂಡು ನಡೆಯುತ್ತದೆ. ನಡುವಿನ ಉಷ್ಣಾಂಶದಲ್ಲಿ ಅಳೆದರೆ ಬಂಧದ ಉದ್ದವೂ 2.0 ಮತ್ತು 2.4ರ ನಡುವೆ ಎಲ್ಲೋ ಸಿಗುತ್ತದೆ. ಅದನ್ನು ನೋಡಿ ಓಹೋ, ಆರೂ ಬಂಧ ಹೆಚ್ಚುಕಮ್ಮಿ ಸಮವಾಗಿರುವ ತಾಮ್ರ ಸಿಕ್ಕಿತು ಅಂತ ಸಂಭ್ರಮಿಸುವುದು ಸುಲಭ. ಆದರೆ ಎಕ್ಸ್-ರೇ ಕೊಡುವುದು ಕೋಟ್ಯಂತರ ತ್ರಿಕಗಳ ಸರಾಸರಿ. ಅರ್ಧ ತ್ರಿಕಗಳು ಚಿಕ್ಕ ಬಂಧದಲ್ಲಿ, ಅರ್ಧ ಉದ್ದ ಬಂಧದಲ್ಲಿ ಇದ್ದರೂ ಅದೇ ಸಂಖ್ಯೆ ಬರುತ್ತದೆ. ಪ್ರತಿ ಪರಮಾಣುವಿನ ಕಂಪನದ ಆಕಾರ ಬಂಧದ ದಿಕ್ಕಿಗೆ ಉದ್ದ ಎಳೆದುಕೊಂಡಿದೆಯಾ ಅಂತ ನೋಡದೆ ಆ ಸಂಖ್ಯೆಯನ್ನು ಎತ್ತಿ ಕಂಪ್ಯೂಟರ್ ಲೆಕ್ಕಕ್ಕೆ ಹಾಕಬಾರದು.

ಇನ್ನೊಂದು ಸೋಜಿಗ ಬೇಗ ಹೇಳಿ ಮುಗಿಸುತ್ತೇನೆ. ಸರಪಳಿ ಕಣ್ಣಿಗೆ ಕಾಣುವ ದಿಕ್ಕಿನಲ್ಲಿ ಕಾಂತೀಯ ಸಂಪರ್ಕ ಸಾಗುವುದಿಲ್ಲ. ಪೈರಜೋಲ್ ದಾಟಿ ಒಂಟಿ ತಾಮ್ರಕ್ಕೆ ಸುದ್ದಿ ಮುಟ್ಟುವುದು ತೀರಾ ಕಮ್ಮಿ. ಬದಲಿಗೆ ಪಕ್ಕದ ಸರಪಳಿಯ ತ್ರಿಕದ ರಾಡಿಕಲ್ ಹತ್ತಿರ ಇರುವುದರಿಂದ ಸಂಪರ್ಕ ಅಡ್ಡಡ್ಡವಾಗಿ ಹೋಗುತ್ತದೆ. ಚಿತ್ರ ನೋಡಿ ಬಂಧಗಳ ಗೆರೆ ಹಿಡಿದು ಹೋಗುವವರಿಗೆ ಇದು ಹೊಳೆಯುವುದೇ ಇಲ್ಲ.

ಸ್ಪಿನ್ ಕಾಣೆಯಾದದ್ದನ್ನು ತಪ್ಪಾಗಿ ಓದುವುದು ಇದೊಂದೇ ಜಾಗದಲ್ಲಿ ನಡೆದದ್ದೂ ಅಲ್ಲ. ಶಿಲೀಂಧ್ರಗಳಲ್ಲಿ ಸಿಗುವ ಗ್ಯಾಲಕ್ಟೋಸ್ ಆಕ್ಸಿಡೇಸ್ ಎಂಬ ಕಿಣ್ವದ ಕ್ರಿಯಾಶೀಲ ರೂಪ ಇಪಿಆರ್‌ನಲ್ಲಿ ಮೌನ. ಒಂಟಿ ಎಲೆಕ್ಟ್ರಾನ್ ಕಾಣದ ಕಾರಣ ಅಲ್ಲಿರುವುದು ಮೂರು ಧನ ಚಾರ್ಜ್‌ನ ತಾಮ್ರ ಅಂತ ಒಂದು ವಾದ ಇತ್ತು. 1980ರ ದಶಕದ ಕೊನೆಯಲ್ಲಿ ಗೊತ್ತಾಗಿದ್ದು ಬೇರೆ: ಅಲ್ಲಿರುವುದು ಎರಡು ಧನ ಚಾರ್ಜ್‌ನ ಮಾಮೂಲಿ ತಾಮ್ರ, ಅದಕ್ಕೆ ಅಂಟಿಕೊಂಡು ಪ್ರೋಟೀನಿನದೇ ಒಂದು ಟೈರೋಸಿನ್ ರಾಡಿಕಲ್. ಎರಡೂ ಸ್ಪಿನ್ ಒಂದನ್ನೊಂದು ವಜಾ ಮಾಡಿಕೊಂಡಿವೆ. ನಮ್ಮ ಹರಳಿನಲ್ಲಿ ರಾಡಿಕಲ್ ಎರಡು ಇರುವುದರಿಂದ ಪೂರ್ತಿ ವಜಾ ಆಗದೆ ಒಂದು ಸ್ಪಿನ್ ಉಳಿಯಿತು, ಆ ಉಳಿದದ್ದೇ ಸಾಕ್ಷಿ ಹೇಳಿತು.

ಬಾಲದ ವಿಷಯಕ್ಕೆ ಬರೋಣ. ಮೀಥೈಲ್, ಈಥೈಲ್, ಪ್ರೊಪೈಲ್, ಬ್ಯುಟೈಲ್ ಅಂತ ಬದಲಿಸಿದರೆ ತಾಮ್ರದ ಸುತ್ತಲಿನ ಪರಮಾಣುಗಳು ಒಂದೂ ಬದಲಾಗುವುದಿಲ್ಲ, ಆದರೂ ಬದಲಾವಣೆಯ ಉಷ್ಣಾಂಶ, ಅದು ಥಟ್ಟನೆ ಆಗುತ್ತದೋ ನಿಧಾನಕ್ಕೋ, ಎಲ್ಲ ಬದಲಾಗುತ್ತದೆ. ಬ್ಯುಟೈಲ್ ಹರಳುಗಳ ಸಂದಿನಲ್ಲಿ ಟಾಲ್ವೀನ್, ಕ್ಸೈಲೀನ್‌ನಂಥ ದ್ರಾವಕದ ಅಣುಗಳು ಬಂದು ಕೂರುತ್ತವೆ, ಯಾವ ಅಣು ಕೂತಿದೆ ಎನ್ನುವುದರ ಮೇಲೂ ಗ್ರಾಫ್ ಬೇರೆ. ತ್ರಿಕದ ಬಂಧ 0.4 ಆಂಗ್‌ಸ್ಟ್ರಾಮ್ ಕುಗ್ಗಬೇಕಾದರೆ ಸುತ್ತಲಿನವರೆಲ್ಲ ಸ್ವಲ್ಪ ಸರಿಯಬೇಕಲ್ಲ, ಬಿಗಿಯಾಗಿ ತುಂಬಿದ ಹರಳಿನಲ್ಲಿ ಅವರು ಬಿಡುತ್ತಾರೋ ಇಲ್ಲವೋ ಎನ್ನುವುದೇ ಪ್ರಶ್ನೆ. ಹಾಗಾಗಿ ದ್ರಾವಕ ಆರಿಹೋದ ಹಳೇ ಸ್ಯಾಂಪಲ್ ಮತ್ತು ಹೊಸ ಹರಳಿನ ಗ್ರಾಫ್ ಹೋಲಿಸಿ ತಲೆ ಕೆಡಿಸಿಕೊಳ್ಳಬೇಡಿ, ಮೊದಲು ಒಳಗೆ ದ್ರಾವಕ ಇದೆಯಾ ಅಂತ ನೋಡಿ.

ಕೊನೆಗೆ ಬೆಳಕು. 2008ರಲ್ಲಿ ಫೆದಿನ್ ಮತ್ತು ಜೊತೆಗಾರರು, ಜರ್ಮನಿಯವರೂ ಸೇರಿ, ತೀರಾ ತಣ್ಣಗಿನ ಪ್ರೊಪೈಲ್ ಹರಳಿನ ಮೇಲೆ ಬೆಳಕು ಬಿಟ್ಟರು. ಬಿಗಿಯಾಗಿದ್ದ ತ್ರಿಕಗಳು ಸಡಿಲವಾದವು, ಬಿಸಿ ಹರಳಿನಲ್ಲಿ ಕಾಣುವ ಸ್ಥಿತಿ ಕೆಲವೇ ಕೆಲ್ವಿನ್‌ನಲ್ಲಿ ಸಿಕ್ಕಿಹಾಕಿಕೊಂಡು ಗಂಟೆಗಟ್ಟಲೆ ಉಳಿಯಿತು. ವಾಪಸ್ ಬರುವ ವೇಗವೂ ಒಂದೇ ಸಮ ಇಲ್ಲ, ಮೊದಲು ಬೇಗ, ಹೋಗ್ತಾ ಹೋಗ್ತಾ ನಿಧಾನ. ಕಬ್ಬಿಣದ ಕಾಂಪ್ಲೆಕ್ಸ್‌ಗಳಲ್ಲಿ ಇಂಥದ್ದು ಬಹಳ ಹಿಂದೆಯೇ ಗೊತ್ತಿತ್ತು, ಆದರೆ ಅಲ್ಲಿ ಬದಲಾಗುವುದು ಒಂದೇ ಅಯಾನಿನ ಒಳಗಿನ ಸ್ಪಿನ್. ಇಲ್ಲಿ ಲೋಹ ಮತ್ತು ರಾಡಿಕಲ್ ನಡುವಿನ ನಂಟು ಬದಲಾಗುತ್ತದೆ. 20 ಕೆಲ್ವಿನ್ ಆಸುಪಾಸು ದಾಟಿದರೆ ಆ ಸ್ಥಿತಿ ನಿಲ್ಲುವುದಿಲ್ಲ, ಆದ್ದರಿಂದ ನಾಳೆಯೇ ಮೆಮೊರಿ ಚಿಪ್ ಬರುತ್ತದೆ ಎನ್ನುವ ಮಾತನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ.

ನನಗೆ ಇಡೀ ಕುಟುಂಬದಲ್ಲಿ ಅತಿ ಇಷ್ಟವಾದದ್ದು ಐಸೊಪ್ರೊಪೈಲ್ ಸದಸ್ಯ. ಪ್ರೊಪೈಲ್‌ನಲ್ಲಿ ಇರುವಷ್ಟೇ ಕಾರ್ಬನ್, ಅಷ್ಟೇ ಹೈಡ್ರೋಜನ್, ಜೋಡಣೆ ಮಾತ್ರ ಬೇರೆ. ಉಷ್ಣಾಂಶ ಏರಿಸಿ ಇಳಿಸಿ ಮಾಡಿದರೆ ಇದು ಆ ಥರದ ಬದಲಾವಣೆ ತೋರಿಸುವುದೇ ಇಲ್ಲ. ಸ್ಕ್ವಿಡ್‌ನಲ್ಲಿ ಅಳೆದು ಬೇಸರದಿಂದ ಪಕ್ಕಕ್ಕೆ ಇಡಬಹುದಾದ ವಸ್ತು. ಆಮೇಲೆ ಅದೇ ಗುಂಪಿನವರು ಇದನ್ನೂ ತಣ್ಣಗೆ ಮಾಡಿ, ಬೆಳಕು ಬಿಟ್ಟು, ಇಪಿಆರ್‌ನಲ್ಲಿ ನೋಡಿದರು. ಬಿಸಿಗೆ ಜಗ್ಗದ ಹರಳು ಬೆಳಕಿಗೆ ಬದಲಾಯಿತು.